ಹೋದ ಬಸಿರಿನ ಕತೆ ಹೇಳಿ



ಐದನೆಯ ತಿಂಗಳಲ್ಲಿ ಬಸಿರು ಕಳೆದುಕೊಂಡ ಹೆಣ್ಣುಮಗಳ ಮನೆಯಲ್ಲಿ ಒಂದು ಕೆಲಸ ಬಹಳ ಬೇಗ ನಡೆದುಬಿಡುತ್ತದೆ. ಸ್ಕ್ಯಾನಿಂಗಿನ ಹಾಳೆ, ಆಸ್ಪತ್ರೆಯ ಚೀಟಿ, ತಾಯಿ ಕಾರ್ಡು, ಎಲ್ಲವನ್ನೂ ಯಾರೋ ಹಿರಿಯರು ಅವಳ ಕಣ್ಣಿಗೆ ಬೀಳದ ಕಡೆ ಸೇರಿಸಿಬಿಡುತ್ತಾರೆ. ಕೆಲವು ಮನೆಗಳಲ್ಲಿ ಹರಿದು ಒಲೆಗೆ ಹಾಕುವುದೂ ಉಂಟು. ನೋಡಿದರೆ ಅಳುತ್ತಾಳೆ ಎಂಬ ಕಕ್ಕುಲಾತಿ ಅದು. "ಆದದ್ದಾಯಿತು, ಮರೆತುಬಿಡು, ಇನ್ನೊಂದು ಆಗುತ್ತದೆ" ಎನ್ನುತ್ತಾರೆ. ಅವಳು ಆ ದಿನದ ಮಾತು ತೆಗೆದರೆ ಮನೆಯವರು ಬೇರೆ ಮಾತು ತೆಗೆಯುತ್ತಾರೆ.

ನಾನು ಹೆರಿಗೆ ವೈದ್ಯೆ. ನನ್ನದೊಂದು ಬೇಡಿಕೆ ಇದೆ. ಆ ಕಾಗದಗಳನ್ನು ಎಸೆಯಬೇಡಿ. ಆ ದಿನದ ಕತೆಯನ್ನು ಮುಚ್ಚಿಡಬೇಡಿ. ಮುಂದಿನ ಬಸಿರನ್ನು ಉಳಿಸಿಕೊಳ್ಳಲು ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ತೀರ್ಮಾನಿಸಲು ವೈದ್ಯರ ಕೈಯಲ್ಲಿ ಅದಕ್ಕಿಂತ ದೊಡ್ಡ ಆಧಾರ ಇನ್ನೊಂದಿಲ್ಲ. ಇವತ್ತಿನ ನನ್ನ ಮಾತೆಲ್ಲ ಇದೊಂದರ ಸುತ್ತಲೇ.

ಮೊದಲು ಒಡಲೊಳಗಿನ ಸಂಗತಿ ತಿಳಿಯೋಣ. ನಮ್ಮ ಅಜ್ಜಿಯರ ಎಲೆ-ಅಡಿಕೆ ಸಂಚಿ ನೆನಪಿದೆಯಲ್ಲ? ಬಾಯಿಗೆ ದಾರ ಪೋಣಿಸಿದ ಬಟ್ಟೆಯ ಸಂಚಿ. ದಾರ ಎಳೆದರೆ ಬಾಯಿ ಮುಚ್ಚುತ್ತದೆ. ಸಡಿಲ ಬಿಟ್ಟರೆ ತೆರೆಯುತ್ತದೆ. ಆ ಸಂಚಿಯನ್ನು ಬಾಯಿ ಕೆಳಗೆ ಮಾಡಿ ಹಿಡಿಯಿರಿ. ಗರ್ಭಕೋಶ ಇರುವುದು ಹಾಗೆ. ಅದರ ಕೆಳತುದಿಯ ಬಿಗಿಯಾದ ಭಾಗಕ್ಕೆ ಗರ್ಭಕೊರಳು ಎನ್ನುತ್ತೇವೆ. ಜನ ಗರ್ಭಕೋಶದ ಬಾಯಿ ಎನ್ನುತ್ತಾರೆ. ಐದನೆಯ ತಿಂಗಳ ಹೊತ್ತಿಗೆ ಈ ಕೊರಳಿನ ಉದ್ದ ಸಾಮಾನ್ಯವಾಗಿ ಮೂರೂವರೆ ಸೆಂಟಿಮೀಟರಿನಷ್ಟು. ತೋರುಬೆರಳಿನ ಒಂದೂವರೆ ಗೆಣ್ಣು ಎಂದುಕೊಳ್ಳಿ. ಒಂಬತ್ತು ತಿಂಗಳು ತುಂಬುವವರೆಗೆ ಅದು ಗಟ್ಟಿಯಾಗಿ, ಮುಚ್ಚಿಕೊಂಡು ಇರಬೇಕು. ಹೆರಿಗೆ ಹತ್ತಿರ ಬಂದಾಗ ಮೆತ್ತಗಾಗಿ, ಕುಗ್ಗಿ, ತೆರೆಯಬೇಕು.

ಕೆಲವರಲ್ಲಿ ಈ ಕೊರಳು ನಾಲ್ಕು, ಐದು, ಆರನೆಯ ತಿಂಗಳಲ್ಲೇ ಸದ್ದಿಲ್ಲದೆ ಕುಗ್ಗಿ ತೆರೆದುಕೊಳ್ಳುತ್ತದೆ. ನೋವು ಇರುವುದಿಲ್ಲ, ಇದ್ದರೂ ಅಷ್ಟಕ್ಕಷ್ಟೆ. ಮಗುವಿನಲ್ಲಿ ದೋಷ ಇರುವುದಿಲ್ಲ. ಬೆಳಿಗ್ಗೆಯ ತಪಾಸಣೆಯಲ್ಲಿ ಎದೆಬಡಿತ ಸರಿಯಾಗಿಯೇ ಕೇಳಿಸಿರುತ್ತದೆ. ಸಂಜೆಗೆ ಕೆಳಗೆ ಏನೋ ಜಾರಿದಂತೆ ಭಾರ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ನೀರಿನ ಚೀಲ ಬಾಯಿಗೆ ಬಂದಿರುತ್ತದೆ. ಇಂತಹ ಬಸಿರು ನೂರರಲ್ಲಿ ಒಂದು ಅಥವಾ ಅದಕ್ಕೂ ಕಡಿಮೆ. ಆದರೆ ಆ ಒಂದು ಮನೆಗೆ ಅದು ನೂರಕ್ಕೆ ನೂರು.

ಯಾಕೆ ಹೀಗಾಗುತ್ತದೆ? ಕೆಲವರಿಗೆ ಹಿಂದೆ ಗರ್ಭಕೊರಳಿನ ತುಣುಕು ತೆಗೆದ ಶಸ್ತ್ರಚಿಕಿತ್ಸೆ ಆಗಿರುತ್ತದೆ. ಕೆಲವರಿಗೆ ಬಾಯಿ ಹಿಗ್ಗಿಸಿ ಗರ್ಭಕೋಶ ಸ್ವಚ್ಛ ಮಾಡಿಸಿದ್ದು ಒಂದಕ್ಕಿಂತ ಹೆಚ್ಚು ಸಲ ಆಗಿರುತ್ತದೆ. ಚೊಚ್ಚಲ ಹೆರಿಗೆಯಲ್ಲಿ ಬಾಯಿ ಪೂರ್ತಿ ತೆರೆದ ಮೇಲೆ ಕೊನೆಗಳಿಗೆಯಲ್ಲಿ ಸಿಸೇರಿಯನ್ ಆದವರಲ್ಲೂ ಈ ಅಪಾಯ ಸ್ವಲ್ಪ ಹೆಚ್ಚು. ಕೆಲವರಿಗೆ ಗರ್ಭಕೋಶದ ರಚನೆಯೇ ಹುಟ್ಟಿನಿಂದ ಬೇರೆ. ಇನ್ನು ಬಹಳಷ್ಟು ಹೆಂಗಸರಲ್ಲಿ ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಏನೂ ಸಿಗುವುದಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕೊಡ ಎತ್ತಿದ್ದಕ್ಕೆ, ಬಸ್ಸಿನಲ್ಲಿ ತವರಿಗೆ ಹೋಗಿಬಂದದ್ದಕ್ಕೆ, ಮೆಟ್ಟಿಲು ಹತ್ತಿದ್ದಕ್ಕೆ, ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದದ್ದಕ್ಕೆ ಈ ಕೊರಳು ತೆರೆಯುವುದಿಲ್ಲ. ಅತ್ತೆಯಂದಿರೇ, ತಾಯಂದಿರೇ, ಇದನ್ನು ದಯವಿಟ್ಟು ಕೇಳಿಸಿಕೊಳ್ಳಿ. ಅವಳು ಏನೋ ಮಾಡಿದ್ದರಿಂದ ಆದದ್ದಲ್ಲ ಇದು. ಏನೋ ಮಾಡದೆ ಬಿಟ್ಟದ್ದರಿಂದ ಆದದ್ದೂ ಅಲ್ಲ.

ಇಷ್ಟು ತಿಳಿದಂತಾಯಿತು: ಕೊರಳು ಹೊತ್ತಿಗೆ ಮುಂಚೆ, ನೋವಿಲ್ಲದೆ ತೆರೆದುಕೊಳ್ಳುವ ತೊಂದರೆ ಇದು. ಹಾಗಾದರೆ ಮುಂದಿನ ಬಸಿರಿಗೆ ಮುಂಚೆಯೇ ಪರೀಕ್ಷೆ ಮಾಡಿ ಕಂಡುಹಿಡಿಯಬಹುದಲ್ಲ? ಎಲ್ಲರೂ ಕೇಳುವ ಪ್ರಶ್ನೆ. ಉತ್ತರ, ಆಗುವುದಿಲ್ಲ. ಬಸಿರಿಲ್ಲದ ಗರ್ಭಕೋಶದ ಬಾಯಿಯನ್ನು ಅಳೆದು, ಕೊಳವೆ ತೂರಿಸಿ, ಚಿತ್ರ ತೆಗೆದು, ಅದು ಮುಂದೆ ಭಾರ ತಡೆಯುತ್ತದೆಯೋ ಇಲ್ಲವೋ ಎಂದು ಹೇಳುವ ನಂಬಿಕೆಯ ಪರೀಕ್ಷೆ ಇವತ್ತಿಗೂ ಇಲ್ಲ. ರಕ್ತಪರೀಕ್ಷೆಯೂ ಇಲ್ಲ. ಇರುವುದು ಎರಡೇ. ಒಂದು, ಹೋದ ಬಸಿರಿನ ಕತೆ. ಇನ್ನೊಂದು, ಮುಂದಿನ ಬಸಿರು ನಿಂತ ಮೇಲೆ ಮಾಡುವ ಅಳತೆ.

ಕತೆ ಎಂದೆ. ಏನು ಆ ಕತೆ? ಹತ್ತಿರದಲ್ಲಿ ಕಾಗದ ಪೆನ್ನು ಇದ್ದರೆ ತೆಗೆದುಕೊಳ್ಳಿ. ನಿಧಾನವಾಗಿ ಹೇಳುತ್ತೇನೆ.

ಬಸಿರು ಹೋದಾಗ ಎಷ್ಟು ವಾರ ತುಂಬಿತ್ತು? ತಿಂಗಳ ಲೆಕ್ಕ ಬೇಡ, ಮೊದಲ ಸ್ಕ್ಯಾನಿಂಗಿನಲ್ಲಿ ಬರೆದ ವಾರದ ಲೆಕ್ಕ ಬೇಕು. ಮೊದಲು ಶುರುವಾದದ್ದು ಏನು? ಕೆಳಗೆ ಭಾರವೋ, ನೀರೋ, ರಕ್ತವೋ, ನೋವೋ, ಜ್ವರವೋ? ಒಂದರ ಹಿಂದೆ ಒಂದು ಎಷ್ಟು ಗಂಟೆಯ ಅಂತರದಲ್ಲಿ ಬಂತು? ಆಸ್ಪತ್ರೆ ಮುಟ್ಟಿದಾಗ ಮಗುವಿನ ಎದೆಬಡಿತ ಇತ್ತೇ? ವೈದ್ಯರು ನೋಡಿದಾಗ ಬಾಯಿ ಎಷ್ಟು ತೆರೆದಿತ್ತು? ಮಾಸನ್ನು, ಅಂದರೆ ಕಸವನ್ನು, ಪರೀಕ್ಷೆಗೆ ಕಳಿಸಿದ್ದರೇ? ಸೋಂಕಿನ ಪರೀಕ್ಷೆ ಆಗಿತ್ತೇ? ಅದಕ್ಕೂ ಹಿಂದೆ ಗರ್ಭಕೋಶಕ್ಕೆ ಯಾವುದಾದರೂ ಶಸ್ತ್ರಚಿಕಿತ್ಸೆ ಆಗಿದೆಯೇ?

ಈ ಪ್ರಶ್ನೆಗಳಿಗೆ ಸಿಗುವ ಉತ್ತರದ ಮೇಲೆ ದಾರಿಯೇ ಬದಲಾಗುತ್ತದೆ. ಎಂಟನೆಯ ವಾರದಲ್ಲೋ ಹತ್ತನೆಯ ವಾರದಲ್ಲೋ ಹೋದ ಬಸಿರಿಗೂ ಗರ್ಭಕೊರಳಿಗೂ ಸಂಬಂಧವಿಲ್ಲ. ಅಷ್ಟು ಬೇಗ ಹೋಗುವ ಬಸಿರುಗಳಲ್ಲಿ ಅರ್ಧದಷ್ಟಾದರೂ ಭ್ರೂಣದ ವರ್ಣತಂತುಗಳ ಏರುಪೇರಿನಿಂದ ಹೋಗುತ್ತವೆ. ಅಂಥವರಿಗೆ ಗರ್ಭಕೊರಳಿಗೆ ಎಷ್ಟು ಹೊಲಿಗೆ ಹಾಕಿದರೂ ಉಪಯೋಗವಿಲ್ಲ. ಐದನೆಯ ತಿಂಗಳಲ್ಲೇ ಹೋಗಿದ್ದರೂ, ಮೊದಲು ಚಳಿಜ್ವರ ಬಂದು ಆಮೇಲೆ ನೋವು ಬಂದಿದ್ದರೆ ಸೋಂಕನ್ನು ಹುಡುಕಬೇಕು. ಮೊದಲು ರಕ್ತ ಸುರಿದಿದ್ದರೆ ಮಾಸು ಕಳಚಿತ್ತೇ ಎಂದು ನೋಡಬೇಕು. ಮಗು ಒಳಗೇ ತೀರಿಕೊಂಡು ಆಮೇಲೆ ನೋವು ಬಂದಿದ್ದರೆ ಅದು ಬೇರೆಯೇ ದಾರಿ. ನೋವಿಲ್ಲದೆ, ಜ್ವರವಿಲ್ಲದೆ, ರಕ್ತವಿಲ್ಲದೆ ಬಾಯಿ ತೆರೆದು, ಜೀವಂತ ಮಗು ಕೆಲವೇ ಗಂಟೆಗಳಲ್ಲಿ ಹೊರಗೆ ಬಂದಿದ್ದರೆ, ಆಗ ನಮ್ಮ ಗಮನ ಗರ್ಭಕೊರಳಿನ ಮೇಲೆ ನಿಲ್ಲುತ್ತದೆ. ಕೈಯಲ್ಲಿ ಬರೀ "ಐದು ತಿಂಗಳಿಗೆ ಅಬಾರ್ಷನ್" ಎಂಬ ಒಂದು ಸಾಲು ಇದ್ದರೆ ಈ ನಾಲ್ಕರಲ್ಲಿ ಯಾವುದು ಎಂದು ಯಾರು ಹೇಳಬೇಕು?

ಕತೆ ಕೇಳುವುದರಿಂದಲೇ ಇದರ ಚಿಕಿತ್ಸೆ, ಅಂದರೆ ಕೊರಳಿಗೆ ಹೊಲಿಗೆ ಹಾಕಿ ಬಿಗಿಯುವುದು, ಹುಟ್ಟಿತು. ಅದೂ ನಮ್ಮ ದೇಶದಲ್ಲಿ, ನಮ್ಮ ಹತ್ತಿರದವರೊಬ್ಬರಿಂದ. ಡಾಕ್ಟರ್ ವಿಠ್ಠಲ ನಾಗೇಶ ಶಿರೋಡ್ಕರ್ ಹುಟ್ಟಿದ್ದು 1899ರಲ್ಲಿ, ಗೋವೆಯ ಶಿರೋಡೆ ಎಂಬ ಊರಿನಲ್ಲಿ. ಮೊದಲ ವಿದ್ಯಾಭ್ಯಾಸ ನಮ್ಮ ಹುಬ್ಬಳ್ಳಿಯಲ್ಲಿ. ಆಮೇಲೆ ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜು, ಅಲ್ಲಿಂದ ಇಂಗ್ಲೆಂಡು, ಮತ್ತೆ ಮುಂಬಯಿಗೆ ಮರಳಿ ಜೆ.ಜೆ. ಆಸ್ಪತ್ರೆ. 1940ರ ಹೊತ್ತಿಗೆ ಅವರು ಗ್ರಾಂಟ್ ಕಾಲೇಜಿನಲ್ಲಿ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದ ಪ್ರಾಧ್ಯಾಪಕರು. ಅವರ ಮುಂದೆ ಒಂದು ಬಗೆಯ ಹೆಂಗಸರು ಮತ್ತೆ ಮತ್ತೆ ಬರುತ್ತಿದ್ದರು. ನಾಲ್ಕರಿಂದ ಏಳು ತಿಂಗಳ ನಡುವೆ ಸಲಸಲವೂ ಬಸಿರು ಕಳೆದುಕೊಂಡವರು. ಮಲಗಿಸಿದರೂ ಅಷ್ಟೆ, ಹಾರ್ಮೋನು ಕೊಟ್ಟರೂ ಅಷ್ಟೆ. ಅವರೆಲ್ಲ ಹೇಳಿದ್ದು ಹೆಚ್ಚುಕಡಿಮೆ ಒಂದೇ ಕತೆ. ಶಿರೋಡ್ಕರರು ಆ ಕತೆಯನ್ನು ನಂಬಿದರು. ಆಗ ಸ್ಕ್ಯಾನಿಂಗ್ ಇರಲಿಲ್ಲ ಎಂಬುದನ್ನು ನೆನಪಿಡಿ. ಬಸಿರು ಹೊತ್ತ ಹೆಂಗಸಿನ ಗರ್ಭಕೊರಳಿನ ಮೇಲ್ತುದಿಯಲ್ಲಿ, ಅವಳದೇ ತೊಡೆಯ ಸ್ನಾಯುಹೊದಿಕೆಯಿಂದ ತೆಗೆದ ಒಂದು ಪಟ್ಟಿಯನ್ನು ಸುತ್ತಿ ಬಿಗಿದರು. 1955ರಲ್ಲಿ ಮದರಾಸಿನಿಂದ ಹೊರಡುತ್ತಿದ್ದ ಆಂಟಿಸೆಪ್ಟಿಕ್ ಎಂಬ ವೈದ್ಯಪತ್ರಿಕೆಯಲ್ಲಿ ಅದರ ವಿವರ ಬರೆದರು. ಲೋಕದ ಹೆರಿಗೆ ಕೋಣೆಗಳಲ್ಲಿ ಇವತ್ತಿಗೂ ಅದರ ಹೆಸರು ಶಿರೋಡ್ಕರ್ ಹೊಲಿಗೆ. 1971ರಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಅವರಿಗೆ ಪದ್ಮವಿಭೂಷಣ ಬಂದಿತ್ತು. ಹುಬ್ಬಳ್ಳಿಯಲ್ಲಿ ಅಕ್ಷರ ಕಲಿತ ಈ ಹಿರಿಯರ ಹೆಸರು ನಮ್ಮ ಮಕ್ಕಳಿಗೂ ಗೊತ್ತಿರಬೇಕು ಎಂಬುದು ನನ್ನ ಆಸೆ.

1957ರಲ್ಲಿ ಮೆಲ್ಬರ್ನಿನ ಡಾಕ್ಟರ್ ಇಯಾನ್ ಮ್ಯಾಕ್‌ಡೊನಾಲ್ಡ್ ಇನ್ನೂ ಸರಳವಾದ ದಾರಿ ತೋರಿಸಿದರು. ಕೊಯ್ಯುವ ಕೆಲಸವಿಲ್ಲ. ಕೊರಳಿನ ಸುತ್ತ ನಾಲ್ಕಾರು ಕಡೆ ಸೂಜಿ ಹಾಕಿ ದಾರ ಪೋಣಿಸಿ, ಸಂಚಿಯ ದಾರ ಎಳೆದು ಗಂಟು ಹಾಕಿದ ಹಾಗೆ ಬಿಗಿಯುವುದು. ಇಂದು ಹೆಚ್ಚಾಗಿ ಹಾಕುವುದು ಇದನ್ನೇ.

ಈಗ ಎಲ್ಲಿಗೆ ಬಂದೆವು? ಕತೆ ಕೊರಳಿನ ಕಡೆ ಬೆರಳು ತೋರಿಸುತ್ತದೆ. ಹೊಲಿಗೆ ಎಂಬ ಚಿಕಿತ್ಸೆ ಇದೆ. ಇನ್ನು ನಿರ್ಧಾರ. "ಡಾಕ್ಟರ್ರೀ, ನಂದು ಬಾಯಿ ಸಡಿಲ ಅಂತ ಹೇಳ್ಯಾರ್ರೀ. ಈ ಸಲ ಮೊದಲಿಗೇ ಹೊಲಿಗಿ ಹಾಕಿಸಿಬಿಡ್ಲೇನ್ರೀ?" ನಮ್ಮ ಧಾರವಾಡ ಸೀಮೆಯ ಹೆಣ್ಣುಮಕ್ಕಳು ಹೀಗೆ ಕೇಳುತ್ತಾರೆ. ಕೇಳುವಾಗ ಕೈ ನಡುಗುತ್ತಿರುತ್ತದೆ. ಜೊತೆಗೆ ಬಂದ ತಾಯಿ, "ಹಾಕಿಬಿಡ್ರೀ ಯವ್ವಾ, ಮತ್ತೊಂದು ಸಲ ಈ ಕೂಸಿನ ಅಳು ನೋಡೂದು ಬ್ಯಾಡ" ಎನ್ನುತ್ತಾರೆ. ಆ ಭಯ ನಿಜವಾದದ್ದು. ಆದರೆ ಭಯ ಕಳೆಯಲೆಂದು ಎಲ್ಲರಿಗೂ ಹೊಲಿಗೆ ಹಾಕುವುದು ಸರಿಯಲ್ಲ.

ಯಾಕೆ ಅಲ್ಲ, ಹೇಳುತ್ತೇನೆ. ಬ್ರಿಟನ್ನಿನ ವೈದ್ಯರು ಮುಂದೆ ನಿಂತು ಹಲವು ದೇಶಗಳಲ್ಲಿ ಸುಮಾರು 1300 ಬಸುರಿಯರ ಮೇಲೆ ಒಂದು ದೊಡ್ಡ ಅಧ್ಯಯನ ಮಾಡಿದರು. ಫಲಿತಾಂಶ ಬಂದದ್ದು 1993ರಲ್ಲಿ. ಹೊಲಿಗೆ ಬೇಕೋ ಬೇಡವೋ ಎಂದು ವೈದ್ಯರಿಗೇ ಅನುಮಾನವಿದ್ದ ಹೆಂಗಸರು ಇವರು. ಹೊಲಿಗೆ ಹಾಕಿದವರಲ್ಲಿ 33 ವಾರಕ್ಕೆ ಮುಂಚೆ ಹೆರಿಗೆಯಾದದ್ದು ನೂರಕ್ಕೆ 13 ಮಂದಿಗೆ. ಹಾಕದವರಲ್ಲಿ 17 ಮಂದಿಗೆ. ಅಂದರೆ 25 ಹೆಂಗಸರಿಗೆ ಹೊಲಿಗೆ ಹಾಕಿದರೆ ನಿಜವಾದ ಉಪಯೋಗ ಆದದ್ದು ಒಬ್ಬಳಿಗೆ. ಉಳಿದ 24 ಮಂದಿಗೆ ಅದು ಬೇಕಿರಲಿಲ್ಲ, ಅಥವಾ ಹಾಕಿದರೂ ತಡೆಯಲಿಲ್ಲ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಗುಂಪಿತ್ತು. ಮೂರು ಅಥವಾ ಹೆಚ್ಚು ಸಲ ನಡುಗಾಲದಲ್ಲಿ ಬಸಿರು ಹೋದವರು, ಇಲ್ಲವೇ ಅವಧಿಗೆ ಮುಂಚೆ ಹೆತ್ತವರು. ಅವರಲ್ಲಿ ಹೊಲಿಗೆ ಇಲ್ಲದಿದ್ದರೆ ನೂರಕ್ಕೆ 32 ಮಂದಿಗೆ ಬೇಗ ಹೆರಿಗೆ. ಹೊಲಿಗೆ ಇದ್ದರೆ 15. ನೋಡಿ, ಅರ್ಧಕ್ಕೂ ಕಡಿಮೆಯಾಯಿತು. ದಾರ ಅದೇ, ಸೂಜಿ ಅದೇ. ಬದಲಾದದ್ದು ಹೆಂಗಸಿನ ಹಿಂದಿನ ಕತೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ದಾರಿಗಳನ್ನು ನೋಡೋಣ.

ಒಂದು, ಮುಂಚಿತವಾಗಿಯೇ ಹೊಲಿಗೆ. ಹನ್ನೆರಡರಿಂದ ಹದಿನಾಲ್ಕು ವಾರದ ನಡುವೆ, ಮಗು ಸರಿಯಾಗಿದೆ ಎಂದು ಸ್ಕ್ಯಾನಿಂಗಿನಲ್ಲಿ ನೋಡಿಕೊಂಡು ಹಾಕುತ್ತಾರೆ. ಮೂರು ಅಥವಾ ಹೆಚ್ಚು ಸಲ ಹೀಗಾದವರಿಗೆ ಇದು ಬೇಕೆಂಬುದರಲ್ಲಿ ಬ್ರಿಟನ್ನಿನ ವೈದ್ಯರಿಗೂ ಅಮೆರಿಕದ ವೈದ್ಯರಿಗೂ ಭಿನ್ನಾಭಿಪ್ರಾಯವಿಲ್ಲ. ಒಂದೇ ಸಲ ಆದವರ ವಿಷಯದಲ್ಲಿ ಇದೆ. ಅಮೆರಿಕದ ಸಲಹೆಯ ಪ್ರಕಾರ, ನೋವಿಲ್ಲದೆ ಬಾಯಿ ತೆರೆದ ಸ್ಪಷ್ಟ ಕತೆ ಒಂದೇ ಇದ್ದರೂ ಹೊಲಿಗೆಯ ಬಗ್ಗೆ ಯೋಚಿಸಬಹುದು. ಬ್ರಿಟನ್ನಿನವರು ಒಂದೋ ಎರಡೋ ಆಗಿದ್ದರೆ ಮೊದಲು ಅಳೆದು ನೋಡಿ ಎನ್ನುತ್ತಾರೆ. ಹೀಗಾಗಿ ನೀವು ಇಬ್ಬರು ವೈದ್ಯರ ಹತ್ತಿರ ಹೋಗಿ ಎರಡು ಮಾತು ಕೇಳಿಬಂದರೆ, ಇಬ್ಬರಲ್ಲಿ ಒಬ್ಬರಿಗೆ ತಿಳಿಯದು ಎಂದುಕೊಳ್ಳಬೇಡಿ.

ಇನ್ನೊಂದು ದಾರಿ, ಅಳೆಯುತ್ತ ಹೋಗುವುದು. ಇದರ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೇಳಬೇಕು. ಯಾಕೆಂದರೆ "ಬರೀ ನೋಡ್ತಾರಂತೆ, ಏನೂ ಮಾಡೋದಿಲ್ಲವಂತೆ" ಎಂದು ನಮ್ಮ ಜನ ಇದನ್ನು ಹಗುರವಾಗಿ ಕಾಣುತ್ತಾರೆ. ಹದಿನಾರನೆಯ ವಾರದಿಂದ ಇಪ್ಪತ್ತನಾಲ್ಕನೆಯ ವಾರದವರೆಗೆ, ವಾರಕ್ಕೋ ಎರಡು ವಾರಕ್ಕೋ ಒಮ್ಮೆ, ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗಿನಲ್ಲಿ ಕೊರಳಿನ ಉದ್ದ ಅಳೆಯುತ್ತಾರೆ. ಹೊಟ್ಟೆಯ ಮೇಲಿನಿಂದ ಅಳೆದರೆ ಲೆಕ್ಕ ತಪ್ಪುತ್ತದೆ. ಮೂತ್ರ ಮಾಡಿ ಬಂದು ಮಲಗಬೇಕು, ಕೆಲವೇ ನಿಮಿಷದ ಕೆಲಸ. ಮಗುವಿಗೆ ಇದರಿಂದ ಹಾನಿಯಿಲ್ಲ, ಬಸಿರು ಅಲುಗಾಡುವುದೂ ಇಲ್ಲ. ಪದೇ ಪದೇ ಸ್ಕ್ಯಾನಿಂಗ್ ಮಾಡಿಸಿದರೆ ಕಾಯ್ದೆ ಅಡ್ಡ ಬರುತ್ತದೆಯೇ ಎಂದು ಕೆಲವರು ಹೆದರುತ್ತಾರೆ. ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆಯ ನಮೂನೆಯಲ್ಲಿ, ಸ್ಕ್ಯಾನಿಂಗಿಗೆ ಒಪ್ಪಿದ ಕಾರಣಗಳ ಪಟ್ಟಿಯಲ್ಲೇ ಗರ್ಭಕೊರಳಿನ ಪರೀಕ್ಷೆ ಇದೆ. ಅಂಜಬೇಕಾಗಿಲ್ಲ.

ಅಳತೆ ಎರಡೂವರೆ ಸೆಂಟಿಮೀಟರಿಗಿಂತ ಕೆಳಗೆ ಇಳಿದರೆ ಆಗ ಹೊಲಿಗೆ. ಇದರಿಂದ ಉಪಯೋಗವಿದೆಯೇ? ಇದೆ. ಹಿಂದೆ ಅವಧಿಗೆ ಮುಂಚೆ ಹೆರಿಗೆಯಾಗಿ, ಈ ಬಸಿರಿನಲ್ಲಿ ಕೊರಳು ಕುಗ್ಗಿದ ಸುಮಾರು 500 ಹೆಂಗಸರ ಲೆಕ್ಕ ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದರು. ಹೊಲಿಗೆ ಇಲ್ಲದವರಲ್ಲಿ 35 ವಾರಕ್ಕೆ ಮುಂಚೆ ಹೆತ್ತವರು ನೂರಕ್ಕೆ ಸುಮಾರು 41. ಹೊಲಿಗೆ ಹಾಕಿಸಿಕೊಂಡವರಲ್ಲಿ 28. ಮಕ್ಕಳ ಸಾವು, ಮಕ್ಕಳ ತೀವ್ರ ಕಾಯಿಲೆಯೂ ಕಡಿಮೆಯಾದವು. ಇನ್ನೊಂದು ಲೆಕ್ಕ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಮುಂಚಿತವಾಗಿ ಹೊಲಿಗೆ ಹಾಕಿದವರನ್ನೂ ಅಳೆಯುತ್ತ ಹೋದವರನ್ನೂ ಹೋಲಿಸಿ ನೋಡಿದಾಗ ಹೆರಿಗೆಯ ಫಲಿತಾಂಶ ಹೆಚ್ಚುಕಡಿಮೆ ಒಂದೇ ಆಗಿತ್ತು. ಅಳೆಯುತ್ತ ಹೋದವರಲ್ಲಿ ಕೊನೆಗೆ ಹೊಲಿಗೆ ಬೇಕಾದದ್ದು ನೂರಕ್ಕೆ 40ರಷ್ಟು ಮಂದಿಗೆ ಮಾತ್ರ. ಉಳಿದ 60 ಮಂದಿಯ ಕೊರಳು ತಾನಾಗಿಯೇ ಗಟ್ಟಿಯಾಗಿ ನಿಂತಿತು. ಒಂದು ಸಲ ಬಸಿರು ಕಳೆದುಕೊಂಡವಳು ಜೀವನವಿಡೀ "ಬಾಯಿ ಸಡಿಲ ಇರುವವಳು" ಎಂಬ ಹಣೆಪಟ್ಟಿ ಹೊತ್ತು ತಿರುಗಬೇಕಾಗಿಲ್ಲ.

ಹಾಗೆಂದು ಅಳತೆಯ ದಾರಿ ಎಲ್ಲರಿಗೂ ಹೊಂದುವುದಿಲ್ಲ. ಎರಡು ವಾರಕ್ಕೊಮ್ಮೆ ತಾಲ್ಲೂಕು ಕೇಂದ್ರಕ್ಕೋ ಜಿಲ್ಲಾ ಕೇಂದ್ರಕ್ಕೋ ಹೋಗಿಬರಲು ಆಗಬೇಕು. ಅಳೆಯಲು ಕಲಿತ ಕೈ ಅಲ್ಲಿರಬೇಕು. ಕೊರಳು ಕುಗ್ಗಿದ ದಿನ, ಒಂದೆರಡು ದಿನದಲ್ಲೇ ಹೊಲಿಗೆ ಹಾಕುವವರು ಸಿಗಬೇಕು. ಬಸ್ಸು ದಿನಕ್ಕೊಂದೇ ಬರುವ ಊರಿನ ಹೆಣ್ಣುಮಗಳಿಗೆ ನಾನು ಕೊಡುವ ಸಲಹೆ, ಪೇಟೆಯಲ್ಲಿ ಆಸ್ಪತ್ರೆಯ ಪಕ್ಕದಲ್ಲೇ ಇರುವವಳಿಗೆ ಕೊಡುವ ಸಲಹೆಗಿಂತ ಬೇರೆ ಇರಬಹುದು. ಮನಸ್ಸಿನ ಮಾತೂ ಲೆಕ್ಕಕ್ಕೆ ಬರುತ್ತದೆ. ಪ್ರತಿ ಸ್ಕ್ಯಾನಿಂಗಿನ ಹಿಂದಿನ ರಾತ್ರಿ ನಿದ್ದೆಯಿಲ್ಲದೆ ಒದ್ದಾಡುವವರಿದ್ದಾರೆ. ಅಳತೆ ಕೇಳಿದ ಮೇಲೆಯೇ ನಿರಾಳವಾಗಿ ಉಸಿರಾಡುವವರೂ ಇದ್ದಾರೆ. ನೀವು ಇಬ್ಬರಲ್ಲಿ ಯಾರು ಎಂದು ವೈದ್ಯರಿಗೆ ಹೇಳಿ.

ಹೊಲಿಗೆ, ಅಳತೆ, ಎರಡನ್ನೂ ನೋಡಿದೆವು. ಇನ್ನು ಔಷಧಿ. ಕೊರಳು ಚಿಕ್ಕದಾಗಿದ್ದರೆ ಪ್ರೊಜೆಸ್ಟೆರಾನ್ ಗುಳಿಗೆಯನ್ನು ರಾತ್ರಿ ಯೋನಿಯೊಳಗೆ ಇಡಲು ಹೇಳುತ್ತಾರೆ. ಸಾಮಾನ್ಯವಾಗಿ 200 ಮಿಲಿಗ್ರಾಮಿನದು. ಒಂದೇ ಮಗು ಹೊತ್ತವರಲ್ಲಿ ಇದರಿಂದ ಅವಧಿಪೂರ್ವ ಹೆರಿಗೆ ಕಡಿಮೆಯಾಗುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ. ವಾರಕ್ಕೊಮ್ಮೆ ಸೊಂಟಕ್ಕೆ ಕೊಡುವ ಹಾರ್ಮೋನಿನ ಇಂಜೆಕ್ಷನ್ ಬೇರೆ. ಅದರಿಂದ ಪ್ರಯೋಜನ ಕಾಣಲಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ ಅನುಮತಿಯನ್ನೇ ಹಿಂತೆಗೆದುಕೊಂಡಿತು. ನಿಮಗೆ ಯಾವುದು ಕೊಡುತ್ತಿದ್ದಾರೆ, ಯಾತಕ್ಕೆ ಎಂದು ಕೇಳುವ ಹಕ್ಕು ನಿಮಗಿದೆ.

ಅವಳಿ ಮಕ್ಕಳಿದ್ದರೆ ಲೆಕ್ಕ ಬೇರೆಯಾಗುತ್ತದೆ. ಅವಳಿ ಎಂಬ ಒಂದೇ ಕಾರಣಕ್ಕೆ ಹೊಲಿಗೆ ಹಾಕಬಾರದು.

ಬೆಡ್ ರೆಸ್ಟ್ ಬಗ್ಗೆ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಮಂಚದ ಕಾಲಿನ ಕೆಳಗೆ ಇಟ್ಟಿಗೆ ಇಟ್ಟು, ಐದು ತಿಂಗಳು ಅಂಗಾತ ಮಲಗಿಸಿ, ಎದ್ದರೆ ಬೈದು, ಬಚ್ಚಲಿಗೂ ಕಳಿಸದೆ ಇಟ್ಟ ಬಸುರಿಯರು ಇವತ್ತಿಗೂ ಇದ್ದಾರೆ. ಮಲಗಿದ್ದರಿಂದ ಕೊರಳು ಉಳಿಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಶಿರೋಡ್ಕರರೇ ಅದನ್ನು ಆಗಲೇ ಕಂಡಿದ್ದರು. ಮಲಗಿದ್ದರಿಂದ ಆಗುವ ಹಾನಿಗೆ ಮಾತ್ರ ಆಧಾರವಿದೆ. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು, ಮಾಂಸ ಸೊರಗುತ್ತದೆ, ಮೂಳೆ ಸಣ್ಣಗಾಗುತ್ತದೆ, ಮನಸ್ಸು ಕುಸಿಯುತ್ತದೆ. ದುಡಿದು ತಿನ್ನುವ ಮನೆಯಾದರೆ ಆ ತಿಂಗಳುಗಳ ಕೂಲಿಯೂ ಹೋಗುತ್ತದೆ. ಭಾರ ಹೊರುವುದು ಬೇಡ, ಆಯಾಸವಾಗುವ ಕೆಲಸ ಬೇಡ, ಸರಿ. ಓಡಾಡಿಕೊಂಡಿರಲಿ, ಅವಳನ್ನು ಮಂಚಕ್ಕೆ ಕಟ್ಟಿಹಾಕಬೇಡಿ.

ಈಗ, ಹೊಲಿಗೆ ಎಂದು ತೀರ್ಮಾನವಾಯಿತು ಎನ್ನೋಣ. ಏನಾಗುತ್ತದೆ? ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕೆಳಮೈ ಮರಗಟ್ಟಿಸುತ್ತಾರೆ. ಅರ್ಧ ಗಂಟೆಯೊಳಗಿನ ಕೆಲಸ. ಅದೇ ದಿನ ಅಥವಾ ಮರುದಿನ ಮನೆಗೆ. ಒಂದೆರಡು ದಿನ ಸ್ವಲ್ಪ ರಕ್ತ, ಸ್ವಲ್ಪ ಕಿಬ್ಬೊಟ್ಟೆ ಹಿಡಿತ ಇರಬಹುದು. ಅಪರೂಪಕ್ಕೆ ಹೊಲಿಗೆ ಹಾಕುವಾಗಲೇ ನೀರಿನ ಚೀಲ ಒಡೆಯಬಹುದು, ಸೋಂಕಾಗಬಹುದು. ಇದನ್ನು ವೈದ್ಯರು ಮೊದಲೇ ಹೇಳಬೇಕು, ನೀವು ಕೇಳಿ ತಿಳಿದುಕೊಳ್ಳಬೇಕು. ದಾರ ಯಾವ ಬಗೆಯದಿರಬೇಕು ಎಂಬ ಚರ್ಚೆಯೂ ನಡೆದಿತ್ತು. ಬ್ರಿಟನ್ನಿನಲ್ಲಿ ಸುಮಾರು 2000 ಹೆಂಗಸರ ಮೇಲೆ ಅಧ್ಯಯನ ಮಾಡಿ, 2022ರಲ್ಲಿ, ಹೆಣೆದ ದಾರಕ್ಕೂ ಒಂಟಿ ಎಳೆಯ ದಾರಕ್ಕೂ ಬಸಿರು ಉಳಿಯುವ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದರು.

ಹೊಲಿಗೆ ಹಾಕಿದ್ದಷ್ಟೇ ಮುಖ್ಯ, ತೆಗೆಸುವುದು. ಸಾಮಾನ್ಯವಾಗಿ 36 ಅಥವಾ 37ನೆಯ ವಾರದಲ್ಲಿ ತೆಗೆಯುತ್ತಾರೆ, ಹೆಚ್ಚಿನವರಿಗೆ ಅರಿವಳಿಕೆಯೂ ಬೇಕಾಗುವುದಿಲ್ಲ. ಅದಕ್ಕೂ ಮುಂಚೆ ಹೆರಿಗೆ ನೋವು ಶುರುವಾದರೆ ತಡಮಾಡದೆ ತೆಗೆಸಬೇಕು. ಹೊಲಿಗೆ ಇದ್ದಂತೆಯೇ ನೋವು ಜೋರಾದರೆ ಕೊರಳು ಹರಿಯಬಹುದು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿ ನಮ್ಮಲ್ಲಿದೆ. ಹೊಲಿಗೆ ಹಾಕಿದ್ದು ಒಂದೂರು, ಹೆರಿಗೆ ಇನ್ನೊಂದೂರು. ಕುಬುಸ ಮುಗಿಸಿ ತವರಿಗೆ ಹೊರಡುವ ದಿನ ಸೀರೆ-ಬಳೆಯ ಜೊತೆ ಹೊಲಿಗೆಯ ಚೀಟಿಯೂ ಚೀಲಕ್ಕೆ ಬೀಳಲಿ. ಒಳಗೆ ಹೊಲಿಗೆ ಇದೆ ಎಂದು ಅಲ್ಲಿನ ದಾದಿಗೆ, ಆಶಾ ಕಾರ್ಯಕರ್ತೆಗೆ ಮೊದಲ ದಿನವೇ ಹೇಳಿ.

ಕೆಳಗಿನಿಂದ ಹಾಕಿದ ಹೊಲಿಗೆ ಇದ್ದೂ ಬಸಿರು ಹೋಗಿದ್ದರೆ? ಅವರಿಗೂ ದಾರಿಯಿದೆ. ಹೊಟ್ಟೆಯ ಮೂಲಕ, ಕೊರಳಿನ ತೀರ ಮೇಲ್ತುದಿಯಲ್ಲಿ ಪಟ್ಟಿ ಬಿಗಿಯುವ ವಿಧಾನ 1965ರಿಂದ ಇದೆ. ಬಸಿರಿಗೆ ಮುಂಚೆಯೇ ಮಾಡಿಸಿಕೊಳ್ಳಬಹುದು. 2020ರಲ್ಲಿ ಬಂದ ಒಂದು ಬ್ರಿಟಿಷ್ ಅಧ್ಯಯನದಲ್ಲಿ, ಹಿಂದೆ ಹೊಲಿಗೆ ವಿಫಲವಾದ ಹೆಂಗಸರಿಗೆ ಮತ್ತೆ ಕೆಳಗಿನಿಂದಲೇ ಹೊಲಿಗೆ ಹಾಕಿದಾಗ ಮೂವರಲ್ಲಿ ಒಬ್ಬರಿಗೆ 32 ವಾರಕ್ಕೆ ಮುಂಚೆ ಹೆರಿಗೆಯಾಯಿತು. ಹೊಟ್ಟೆಯ ಮೂಲಕ ಹಾಕಿದವರಲ್ಲಿ ಹಾಗಾದದ್ದು ನೂರಕ್ಕೆ 8 ಮಂದಿಗೆ. ಆದರೆ ಇದು ದೊಡ್ಡ ಶಸ್ತ್ರಚಿಕಿತ್ಸೆ, ಹೆರಿಗೆ ಸಿಸೇರಿಯನ್ ಆಗಲೇಬೇಕು. ಇಲ್ಲೂ ಅಷ್ಟೆ: ಹಿಂದಿನ ಹೊಲಿಗೆ ಯಾವ ವಾರ ಹಾಕಿದ್ದು, ಯಾವ ವಾರ ಜಾರಿದ್ದು, ಜ್ವರ ಇತ್ತೇ ಇಲ್ಲವೇ ಎಂಬ ಕತೆ ಕೇಳದೆ ಯಾವ ವೈದ್ಯರೂ ಇದಕ್ಕೆ ಕೈ ಹಾಕುವುದಿಲ್ಲ.

ಇಷ್ಟೆಲ್ಲ ಮುಂದಿನ ಬಸಿರಿನ ಮಾತಾಯಿತು. ಮೊನ್ನೆಮೊನ್ನೆ ಬಸಿರು ಕಳೆದುಕೊಂಡು ಈ ಮಾತು ಕೇಳುತ್ತಿರುವ ತಂಗಿಗೆ ಒಂದೆರಡು ಮಾತು. ಐದಾರು ತಿಂಗಳಿಗೆ ಬಸಿರು ಹೋದರೂ ಮೂರು ನಾಲ್ಕು ದಿನದಲ್ಲಿ ಎದೆಯಲ್ಲಿ ಹಾಲು ಬರುತ್ತದೆ. ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ಕೂಸಿಲ್ಲದ ಮಡಿಲಿಗೆ ಹಾಲು ಇಳಿದಾಗ ಆಗುವ ಸಂಕಟ ನಾನು ನೋಡಿದ್ದೇನೆ. ಹಾಲು ಬತ್ತಲು ಗುಳಿಗೆ ಇದೆ, ವೈದ್ಯರನ್ನು ಕೇಳು. ನೌಕರಿಯಲ್ಲಿದ್ದರೆ, 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೂ ಗರ್ಭಪಾತವಾದವರಿಗೆ ಆರು ವಾರ ಸಂಬಳಸಹಿತ ರಜೆಯ ಹಕ್ಕಿದೆ. ಚೀಟಿ ತೋರಿಸಿ ತೆಗೆದುಕೋ. ಅಳಬೇಕೆನಿಸಿದರೆ ಅಳು. ಗಂಡಂದಿರೇ, ಅವಳು ಆ ದಿನದ ಮಾತು ತೆಗೆದಾಗ ಎದ್ದು ಹೋಗಬೇಡಿ. ಪಕ್ಕದಲ್ಲಿ ಕೂತು ಕೇಳಿ. ಯಾವ ಹೊತ್ತಿಗೆ ಏನಾಯಿತು ಎಂದು ಅವಳಿಗೆ ಮರೆತದ್ದು ನಿಮಗೆ ನೆನಪಿರುತ್ತದೆ. ಇಬ್ಬರೂ ಸೇರಿ ಬರೆದಿಡಿ. ಮುಂದಿನ ಬಸಿರು ನಿಲ್ಲುವ ಮುಂಚೆಯೇ ಒಮ್ಮೆ ವೈದ್ಯರ ಹತ್ತಿರ ಹೋಗಿ ಕೂತು ಮಾತಾಡಿ.

ಕೊನೆಯದಾಗಿ, ಈಗ ನಾಲ್ಕು, ಐದು, ಆರು ತಿಂಗಳ ಬಸುರಿಯಾಗಿರುವವರು ಗಮನವಿಟ್ಟು ಕೇಳಿ. ಕೆಳಗೆ ಏನೋ ಒತ್ತಿದಂತೆ, ಜಾರಿದಂತೆ ಭಾರ. ಹೊಸದಾಗಿ ಬಂದ ಸೊಂಟನೋವು. ಮುಟ್ಟಿನ ದಿನಗಳ ಹಾಗೆ ಬಂದುಹೋಗುವ ಸಣ್ಣ ಹಿಡಿತ. ಬಿಳಿಸೆರಗು ಇದ್ದಕ್ಕಿದ್ದಂತೆ ಹೆಚ್ಚಾಗುವುದು, ನೀರಾಗುವುದು, ಕೆಂಪಗಾಗುವುದು. ಇವುಗಳಲ್ಲಿ ಯಾವುದೇ ಕಂಡರೂ ಅದೇ ದಿನ ತೋರಿಸಿ. ಹೆಚ್ಚಿನ ಸಲ ಏನೂ ಇರುವುದಿಲ್ಲ, ನೋಡಿ ಮನೆಗೆ ಕಳಿಸುತ್ತಾರೆ. ಆದರೆ ಬಾಯಿ ತೆರೆಯತೊಡಗಿದ್ದರೆ, ನೋವು, ಸೋಂಕು, ರಕ್ತಸ್ರಾವ ಇನ್ನೂ ಇಲ್ಲದಿದ್ದರೆ, ಆಗಲೂ ತುರ್ತು ಹೊಲಿಗೆ ಹಾಕಲು ಸಾಧ್ಯವಿದೆ. ಅದರಿಂದ ಸರಾಸರಿ ಐದು ವಾರದಷ್ಟು ಹೆಚ್ಚಿನ ಕಾಲ ಸಿಗುತ್ತದೆ. 22 ವಾರದ ಕೂಸಿಗೆ ಐದು ವಾರ ಅಂದರೆ ಬದುಕುವ ದಾರಿ. ಹಾಗಾಗಿ ಎಲ್ಲರೂ ಮಲಗಿದ್ದಾರೆ, ಯಾರನ್ನು ಎಬ್ಬಿಸಲಿ, ಬೆಳಗಾಗಲಿ ನೋಡೋಣ ಎನ್ನಬೇಡಿ. ಅತ್ತೆಯನ್ನು ಎಬ್ಬಿಸಿ, ಗಂಡನನ್ನು ಎಬ್ಬಿಸಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಹೊರಡುವಾಗ ತಾಯಿ ಕಾರ್ಡು ಕೈಯಲ್ಲಿರಲಿ.